ದೂರದ ಕಣ್ಣು, ಹತ್ತಿರದ ಕೈ: ರಕ್ತರೋಗಿಗಳು ಕಂಡ ವಿಡಿಯೊ ಭೇಟಿ



ಈ ದತ್ತಿ ಉಪನ್ಯಾಸದ ವಿಷಯ ಆರಿಸಿಕೊಳ್ಳುವುದನ್ನು ಸಂಘಟಕರು ನನಗೇ ಬಿಟ್ಟಿದ್ದರು. ಜೀನ್ ಚಿಕಿತ್ಸೆ, ಅಸ್ಥಿಮಜ್ಜೆಯ ಕಸಿ, ಹೊಸ ಹೊಸ ಔಷಧಿಗಳು, ರಕ್ತರೋಗಗಳ ಬಗ್ಗೆ ಹೇಳಲು ಬೆರಗಿನ ಸಂಗತಿಗಳು ಬೇಕಾದಷ್ಟಿವೆ. ಅವನ್ನೆಲ್ಲ ಬದಿಗಿಟ್ಟು, ಈಗ ನಮ್ಮ ಓಪಿಡಿಯ ದಿನಚರಿಯೇ ಆಗಿಹೋಗಿರುವ ಒಂದು ಸಾದಾ ಸಂಗತಿಯನ್ನು ಆರಿಸಿಕೊಂಡೆ: ಫೋನಿನ ತೆರೆಯ ಮೇಲೆ ನಡೆಯುವ ಭೇಟಿ. ಅದರ ಬಗ್ಗೆ ವೈದ್ಯರು, ಸರ್ಕಾರ, ಕಂಪನಿಗಳು ಸಾಕಷ್ಟು ಮಾತಾಡಿದ್ದಾರೆ. ರೋಗಿಗೆ ಅದು ಹೇಗಿರುತ್ತದೆ ಎಂಬುದನ್ನು ನಾನು ಕಂಡಷ್ಟು, ಕೇಳಿದಷ್ಟು ಹೇಳುತ್ತೇನೆ.

ವಿಡಿಯೊ ಭೇಟಿ ದೂರವನ್ನು ಅಳಿಸುತ್ತದೆ ಎಂಬ ಮಾತಿದೆ. ರೋಗಿಗಳ ಮಾತು ಕೇಳುತ್ತ ಕೇಳುತ್ತ ನನಗೆ ಮನವರಿಕೆಯಾದದ್ದು ಬೇರೆ. ದೂರ ಇದ್ದಲ್ಲೇ ಇರುತ್ತದೆ, ಅದನ್ನು ಯಾರೋ ಒಬ್ಬರು ದುಡಿದು ತುಂಬಿಕೊಡುತ್ತಾರೆ. ಆಸ್ಪತ್ರೆಯಲ್ಲಿ ನರ್ಸು, ಲ್ಯಾಬ್ ಟೆಕ್ನಿಷಿಯನ್, ಗುಮಾಸ್ತ, ವೈದ್ಯರು ಹಂಚಿಕೊಂಡು ಮಾಡುತ್ತಿದ್ದ ಕೆಲಸದ ಒಂದು ಪಾಲು ರೋಗಿಯ ಮನೆಗೆ ವರ್ಗವಾಗುತ್ತದೆ. ಅದು ಯಾರ ಹೆಗಲಿಗೆ ಬಿತ್ತು, ಅದನ್ನು ಅವರಿಗೆ ಕಲಿಸಿಕೊಟ್ಟವರು ಯಾರು, ಖರ್ಚು ಯಾರದು? ಭೇಟಿ ಫಲಿಸುವುದು ಈ ಪ್ರಶ್ನೆಗಳ ಉತ್ತರದ ಮೇಲೆ.

ರಕ್ತ ಒಂದೂರಿಗೆ, ರೋಗಿ ಇನ್ನೊಂದೂರಿಗೆ

ರಕ್ತದ ಕಾಯಿಲೆಗಳಿಗೆ ಒಂದು ವಿಶೇಷವಿದೆ. ಹೃದ್ರೋಗ ತಜ್ಞರಿಗೆ ಎದೆಯ ಸದ್ದು ಕೇಳಬೇಕು, ಮೂಳೆ ವೈದ್ಯರು ಕೀಲು ಹಿಡಿದು ಆಡಿಸಿ ನೋಡಬೇಕು. ರಕ್ತವಾದರೋ ರೋಗಿಯನ್ನು ಊರಲ್ಲೇ ಬಿಟ್ಟು ಪುಟ್ಟ ನಳಿಕೆಯೊಳಗೆ ತಾನೊಂದೇ ಪ್ರಯಾಣ ಹೊರಡಬಲ್ಲದು. 1910ರಲ್ಲಿ ಶಿಕಾಗೋದ ವೈದ್ಯ ಜೇಮ್ಸ್ ಹೆರಿಕ್ ಸಿಕಲ್ ಸೆಲ್ ರೋಗವನ್ನು ಮೊದಲ ಬಾರಿಗೆ ವರ್ಣಿಸಿ ಬರೆದರು. ಅದಕ್ಕೆ ಆಧಾರವಾದದ್ದು ಗ್ರೆನಡಾ ದ್ವೀಪದಿಂದ ದಂತವೈದ್ಯಕೀಯ ಓದಲು ಬಂದಿದ್ದ ಯುವಕನೊಬ್ಬನ ರಕ್ತ. ಅದರಲ್ಲಿ ಕುಡುಗೋಲಿನಂತೆ ಬಾಗಿದ್ದ ಕಣಗಳನ್ನು ಮೊದಲು ಗಮನಿಸಿದವರು ಹೆರಿಕ್ ಅವರ ಕೈಕೆಳಗೆ ಇಂಟರ್ನ್ ಆಗಿದ್ದ ಅರ್ನೆಸ್ಟ್ ಐರನ್ಸ್. ನಮ್ಮ ಶಾಸ್ತ್ರದಲ್ಲಿ ಗಾಜಿನ ಪಟ್ಟಿಯ ಮೇಲಿನ ಒಂದು ಹನಿಗೆ ಅಂದಿನಿಂದಲೂ ಅಷ್ಟು ತೂಕ.

ಹೀಗಾಗಿ ವಿಡಿಯೊ ಭೇಟಿಗೆ ಹೇಳಿ ಮಾಡಿಸಿದ ವಿಭಾಗ ನಮ್ಮದೇ ಎಂದು ಆರಂಭದಲ್ಲಿ ನಮ್ಮಲ್ಲಿ ಹಲವರಿಗೆ ಅನಿಸಿತ್ತು. ರಕ್ತಕಣಗಳನ್ನು ಎಣಿಸುವ ಸಿಬಿಸಿ ರಿಪೋರ್ಟ್ ವಾಟ್ಸ್‌ಆ್ಯಪ್‌ನಲ್ಲಿ ಬಂತು, ಹಿಮೋಗ್ಲೋಬಿನ್ ಇಷ್ಟು, ಬಿಳಿ ಕಣ ಇಷ್ಟು, ಪ್ಲೇಟ್‌ಲೆಟ್ ಇಷ್ಟು, ಇನ್ನೇನು ಬೇಕು? ಬೇಕಾದದ್ದು ಬಹಳ ಇದೆ. ಕೆಳರೆಪ್ಪೆ ಎಳೆದು ನೋಡಬೇಕು, ನಾಲಗೆ ಉಗುರು ನೋಡಬೇಕು. ಎಡ ಪಕ್ಕೆಲುಬಿನ ಕೆಳಗೆ ಗುಲ್ಮ ಎಷ್ಟು ಇಳಿದಿದೆ ಎಂದು ಬೆರಳಿಗೆ ಸಿಗಬೇಕು. ಕುತ್ತಿಗೆ, ಕಂಕುಳು, ತೊಡೆಯ ಸಂದಿಯಲ್ಲಿ ಗಡ್ಡೆ ಇದೆಯೇ ಎಂದು ಸವರಿ ನೋಡಬೇಕು. ಮೊಳಕಾಲಿನ ಕೆಳಗೆ ಸಾಸಿವೆ ಕಾಳಿನಷ್ಟು ಕೆಂಪು ಚುಕ್ಕೆ ಎದ್ದಿದ್ದರೆ ಅದು ರಿಪೋರ್ಟಿಗಿಂತ ಮೊದಲೇ ಪ್ಲೇಟ್‌ಲೆಟ್ ಕುಸಿದಿರುವುದನ್ನು ಹೇಳುತ್ತದೆ. ಇನ್ನು ಫೋನಿನ ಕ್ಯಾಮೆರಾ ಬೆಳಕಿಗೆ ತಕ್ಕಂತೆ ಬಣ್ಣವನ್ನು ತಾನೇ ತಿದ್ದಿಬಿಡುತ್ತದೆ. ಟ್ಯೂಬ್‌ಲೈಟಿನ ಕೆಳಗೆ ಬಿಳುಚಿ ಕಂಡ ಮುಖ ಬಾಗಿಲ ಬಳಿ ಬಂದರೆ ಕೆಂಪಗೆ ಕಾಣುತ್ತದೆ.

ಎರಡು ಕಡೆ ವೈದ್ಯರಿದ್ದ ಕಾಲ

ದೂರ ವೈದ್ಯಕೀಯ ಕೊರೊನಾ ಕಾಲದಲ್ಲಿ ಹುಟ್ಟಿದ್ದೇನಲ್ಲ. ನಮ್ಮ ರಾಜ್ಯದಲ್ಲೇ 2002ರಲ್ಲಿ ಇಸ್ರೋ ಉಪಗ್ರಹದ ನೆರವಿನಿಂದ ಬೆಂಗಳೂರಿನ ನಾರಾಯಣ ಹೃದಯಾಲಯವನ್ನು ಚಾಮರಾಜನಗರದ ಜಿಲ್ಲಾ ಆಸ್ಪತ್ರೆಗೂ ಸರಗೂರಿನ ವಿವೇಕಾನಂದ ಸ್ಮಾರಕ ಆಸ್ಪತ್ರೆಗೂ ಜೋಡಿಸಲಾಯಿತು. ಆ ಏರ್ಪಾಟನ್ನು ಸ್ವಲ್ಪ ಗಮನಿಸಿ. ಬೆಂಗಳೂರಿನಲ್ಲಿ ತಜ್ಞರು, ಸರಗೂರಿನಲ್ಲಿ ರೋಗಿಯ ಹಾಸಿಗೆಯ ಪಕ್ಕ ಇನ್ನೊಬ್ಬ ವೈದ್ಯರು. ದೂರದವರು ನೋಡಿ ಸಲಹೆ ಕೊಟ್ಟರೆ, ಹತ್ತಿರದವರು ಮುಟ್ಟಿ ನೋಡಿ ಔಷಧಿ ಕೊಡುತ್ತಿದ್ದರು. ದೂರಕ್ಕೆ ಕಣ್ಣಿತ್ತು, ಹತ್ತಿರಕ್ಕೆ ಕೈಯಿತ್ತು.

2020ರ ಮಾರ್ಚ್ 25ರಂದು, ಲಾಕ್‌ಡೌನ್ ಜಾರಿಗೆ ಬಂದ ದಿನವೇ, ದೇಶದ ಟೆಲಿಮೆಡಿಸಿನ್ ಮಾರ್ಗಸೂಚಿ ಹೊರಬಿತ್ತು. ನೋಂದಾಯಿತ ವೈದ್ಯರು ವಿಡಿಯೊ, ಫೋನು, ಬರಹದ ಮೂಲಕ ರೋಗಿಯನ್ನು ನೋಡುವುದು ಹೇಗೆಂದು ಅದು ಸ್ಪಷ್ಟಪಡಿಸಿತು. ಕೇಂದ್ರದ ಇ-ಸಂಜೀವಿನಿ ಆರೋಗ್ಯ ಕೇಂದ್ರಗಳಿಗಾಗಿ 2019ರ ನವೆಂಬರಿನಲ್ಲೇ ಶುರುವಾಗಿತ್ತು. 2020ರ ಏಪ್ರಿಲಿನಲ್ಲಿ ಮನೆಯಿಂದಲೇ ಬಳಸುವ ಓಪಿಡಿ ಸೇರಿಕೊಂಡಿತು. 2023ರ ಫೆಬ್ರವರಿ ಹೊತ್ತಿಗೆ ಸಮಾಲೋಚನೆಗಳ ಸಂಖ್ಯೆ 10 ಕೋಟಿ ದಾಟಿತು. ಮೊದಲಿನ ರೂಪದಲ್ಲಿ ರೋಗಿ ಉಪಕೇಂದ್ರಕ್ಕೆ ಹೋಗಿ ಸಮುದಾಯ ಆರೋಗ್ಯ ಅಧಿಕಾರಿಯ ಪಕ್ಕ ಕೂರುತ್ತಾರೆ. ಎರಡನೆಯದರಲ್ಲಿ ರೋಗಿ ಮನೆಯಲ್ಲಿ, ವೈದ್ಯರು ಫೋನಿನಲ್ಲಿ, ನಡುವೆ ಯಾರೂ ಇಲ್ಲ. ರಕ್ತರೋಗಿಗಳ ಅನುಭವ ಇಬ್ಭಾಗವಾಗುವುದು ಇಲ್ಲಿ.

ಒಂದು ಭೇಟಿ

ಲಾಭವನ್ನು ಮೊದಲು ಹೇಳಬೇಕು, ಏಕೆಂದರೆ ರೋಗಿಗಳು ಅದನ್ನೇ ಮೊದಲು ಹೇಳುತ್ತಾರೆ. ಸಿಎಂಎಲ್ ಎಂಬ ರಕ್ತದ ಕ್ಯಾನ್ಸರಿಗೆ 2001ರಲ್ಲಿ ಇಮಾಟಿನಿಬ್ ಮಾತ್ರೆ ಬಂದ ಮೇಲೆ ಆ ಕಾಯಿಲೆಯ ಚಹರೆಯೇ ಬದಲಾಯಿತು. ಕೆಲವೇ ವರ್ಷ ಬದುಕುತ್ತಿದ್ದವರು ಈಗ ದಿನಾ ಮಾತ್ರೆ ನುಂಗುತ್ತ ಹೊಲ ಮನೆ ನೋಡಿಕೊಂಡು ದಶಕಗಟ್ಟಲೆ ಇರುತ್ತಾರೆ. ಆದರೆ ಮೂರು ತಿಂಗಳಿಗೊಮ್ಮೆ ರಕ್ತಪರೀಕ್ಷೆ, ವೈದ್ಯರ ಭೇಟಿ ತಪ್ಪಿದ್ದಲ್ಲ. ಬೀದರ್, ಕಲಬುರಗಿ, ರಾಯಚೂರಿನಿಂದ ಬೆಂಗಳೂರಿಗೆ ಬರುವುದೆಂದರೆ ರಾತ್ರಿ ಬಸ್ಸು, ಬೆಳಿಗ್ಗೆ ಟೋಕನ್ ಸಾಲು, ಮಧ್ಯಾಹ್ನ ಐದು ನಿಮಿಷದ ಮಾತು, ಮತ್ತೆ ರಾತ್ರಿ ಬಸ್ಸು. ಜತೆಗೆ ಬಂದವರ ಕೂಲಿಯೂ ಹೋಯಿತು. ಆರೋಗ್ಯವಾಗಿದ್ದೀರಿ ಎಂದು ಕೇಳಿಸಿಕೊಳ್ಳಲು ಇಷ್ಟು ಸುಸ್ತಾಗಬೇಕೇ ಎಂದು ಒಬ್ಬರು ಕೇಳಿದ್ದುಂಟು. ಕೀಮೋ ಆಗಿ ಬಿಳಿ ಕಣ ಇಳಿದವರಿಗೆ ಬಸ್ಸಿನ ನೂಕುನುಗ್ಗಲು, ಕಾಯುವ ಹಾಲಿನ ಕೆಮ್ಮು ನೆಗಡಿಗಳೇ ಅಪಾಯ. ಇವರಿಗೆಲ್ಲ ವಿಡಿಯೊ ಭೇಟಿ ದೊಡ್ಡ ಆಸರೆ.

ಸಿಂಧನೂರು ಕಡೆಯ, ಐವತ್ತರ ಆಸುಪಾಸಿನ ಹೆಣ್ಣುಮಗಳೊಬ್ಬರು ಇಂಥದೇ ಸಿಎಂಎಲ್ ರೋಗಿ. ಅವರ ಜತೆಗಿನ ಒಂದು ಭೇಟಿಯನ್ನು ಇದ್ದದ್ದು ಇದ್ದಂತೆ ಹೇಳುತ್ತೇನೆ. ಫೋನನ್ನು ನೀರಿನ ತಂಬಿಗೆಗೆ ಆನಿಸಿ ಇಟ್ಟಿದ್ದರು. ಬೆನ್ನ ಹಿಂದೆ ಬಾಗಿಲು, ಹೊರಗಿನ ಬಿಸಿಲಿಗೆ ಮುಖ ಪೂರ್ತಿ ಕಪ್ಪು. ಮಗ ಫೋನೆತ್ತಿ ಬಾಗಿಲ ಕಡೆಯಿಂದ ಹಿಡಿದ. ಕಳಿಸಿದ ರಿಪೋರ್ಟಿನ ಫೋಟೊದಲ್ಲಿ ಅವನದೇ ಕೈಯ ನೆರಳು ಬಿದ್ದು ಪ್ಲೇಟ್‌ಲೆಟ್ ಸಾಲು ಮಸುಕಾಗಿತ್ತು. ಅವನೇ ಓದಿ ಹೇಳಿದ. ಸಂಖ್ಯೆಗಳೆಲ್ಲ ಚೆನ್ನಾಗಿದ್ದವು. ಎಲ್ಲಾ ಚಲೋ ಐತಿ, ಇದೇ ಗುಳಿಗಿ ಮುಂದುವರಿಸ್ರಿ ಎಂದೆ. ಆಕೆ ಸ್ವಲ್ಪ ತಡೆದು, “ಮೇಡಮ್ಮೋರ, ನಂಬರ್ ಬರೋಬರಿ ಐತಿ ಅಂತೀರಿ. ಮತ್ತ ಎರಡು ಕೊಡ ನೀರು ತರೂದ್ರಾಗ ಕುಂತುಬಿಡೂ ಹಂಗ ಯಾಕ ಆಗ್ತೈತ್ರಿ?” ಎಂದರು. ಅಷ್ಟರಲ್ಲಿ ಮಗ, “ಬೆಳಿಗ್ಗೆ ಎದ್ದಾಗ ಕಣ್ಣಿನ ಸುತ್ತ ಊದಿರ್ತೈತ್ರಿ, ಅವ್ವ ಹೇಳಂಗಿಲ್ಲ” ಎಂದ. ಕಣಕಾಲಿನ ಮೇಲೆ, ಎಲುಬಿನ ಮೇಲೆ ಹೆಬ್ಬೆರಳಿಟ್ಟು ಹತ್ತು ಎಣಿಸುವ ತನಕ ಒತ್ತಲು ಹೇಳಿದೆ. ಬೆರಳು ತೆಗೆದಾಗ ಉಳಿದ ಕುಳಿಯನ್ನು ಅವನು ಫೋನಿನ ಹತ್ತಿರ ತಂದು ತೋರಿಸಿದ. ಮೈಯಲ್ಲಿ ನೀರು ನಿಲ್ಲುವುದು, ಸುಸ್ತು, ಸ್ನಾಯು ಹಿಡಿಯುವುದು ಇಮಾಟಿನಿಬ್‌ನಿಂದ ಆಗುವ ತೊಂದರೆಗಳೇ. ಹತ್ತಿರದ ತಾಲ್ಲೂಕು ಆಸ್ಪತ್ರೆಯಲ್ಲಿ ತೂಕ, ಬಿಪಿ, ಎದೆ ನೋಡಿಸಿ, ಕ್ರಿಯಾಟಿನಿನ್ ಪರೀಕ್ಷೆ ಮಾಡಿಸಿದ ಮೇಲೆ ಮುಂದಿನ ದಾರಿ ತೀರ್ಮಾನವಾಯಿತು.

ಆ ಭೇಟಿ ಯಶಸ್ವಿ ಎಂದು ನಮ್ಮ ಲೆಕ್ಕದ ಪುಸ್ತಕದಲ್ಲಿ ಸೇರಿಹೋಯಿತು. ಅದನ್ನು ಯಶಸ್ವಿಯಾಗಿಸಿದವನು ಆ ಮಗ. ಅಂದು ಅವನು ಕೆಲಸಕ್ಕೆ ಹೋಗಿರಲಿಲ್ಲ. ಹಿಂದಿನ ದಿನ ತಾಯಿಯನ್ನು ಬೈಕಿನಲ್ಲಿ ಖಾಸಗಿ ಲ್ಯಾಬಿಗೆ ಕರೆದೊಯ್ದು ರಕ್ತ ಕೊಡಿಸಿದ್ದ, ಸಂಜೆ ಮತ್ತೆ ಹೋಗಿ ರಿಪೋರ್ಟ್ ತಂದಿದ್ದ. ಗುಮಾಸ್ತನ ಕೆಲಸ, ನರ್ಸಿನ ಕೆಲಸ, ಕೊನೆಗೆ ನನ್ನ ಹೆಬ್ಬೆರಳಿನ ಕೆಲಸವನ್ನೂ ಅವನೇ ಮಾಡಿದ. ಅಂಥ ಮಗ ಎಲ್ಲರ ಮನೆಯಲ್ಲೂ ಇರುವುದಿಲ್ಲ. ಸಿಎಂಎಲ್‌ಗೆ ಬೇಕಾದ ಬಿಸಿಆರ್-ಎಬಿಎಲ್ ಪರೀಕ್ಷೆ ಸಣ್ಣ ಊರಿನ ಲ್ಯಾಬಿನಲ್ಲಿ ಆಗುವುದೂ ಇಲ್ಲ. ಮಾದರಿಯನ್ನು ದೊಡ್ಡ ಊರಿಗೆ ಕಳಿಸಬೇಕು, ಖಾಸಗಿಯಲ್ಲಿ ಸಾವಿರಾರು ರೂಪಾಯಿ ತೆರಬೇಕು. ಬಸ್ಸಿನ ಖರ್ಚು ಉಳಿಯಿತು ಎಂದು ಹೇಳುವಾಗ ಈ ಖರ್ಚನ್ನೂ ಪಕ್ಕದಲ್ಲಿ ಬರೆಯಬೇಕಾಗುತ್ತದೆ.

ಹೇಳದೆ ಉಳಿಯುವುದು

ಫೋನು ಯಾರ ಕೈಯಲ್ಲಿದೆ ಎಂಬುದರ ಮೇಲೆ ರೋಗಿಯ ಮಾತು ನಿಂತಿರುತ್ತದೆ. ಐಟಿಪಿ ಎಂಬ ಕಾಯಿಲೆಯಲ್ಲಿ ಮೈಯೇ ತನ್ನ ಪ್ಲೇಟ್‌ಲೆಟ್‌ಗಳನ್ನು ನಾಶ ಮಾಡಿಕೊಳ್ಳುತ್ತದೆ. ಹರೆಯದ ಹೆಣ್ಣುಮಕ್ಕಳಿಗೆ ಇದು ಬಂದಾಗ ಕೇಳಲೇಬೇಕಾದ ಪ್ರಶ್ನೆ ಮುಟ್ಟಿನದು: ಎಷ್ಟು ದಿನ, ದಿನಕ್ಕೆ ಎಷ್ಟು ಪ್ಯಾಡು, ಗಡ್ಡೆ ಗಡ್ಡೆಯಾಗಿ ಹೋಗುತ್ತದೆಯೇ? ಕಾಲೇಜು ಹುಡುಗಿಯೊಬ್ಬಳು ಈ ಪ್ರಶ್ನೆಗೆ ಎರಡು ವಿಡಿಯೊ ಭೇಟಿಗಳಲ್ಲೂ “ಸರಿಯಿದೆ ಮೇಡಮ್” ಎಂದಳು. ಫೋನು ಅವಳ ಅಪ್ಪನ ಕೈಯಲ್ಲಿತ್ತು, ಪಡಸಾಲೆಯಲ್ಲಿ ಅಣ್ಣನೂ ಇದ್ದ. ಹಿಮೋಗ್ಲೋಬಿನ್ ಇಳಿಯುತ್ತಲೇ ಇತ್ತು. ಖುದ್ದಾಗಿ ಬರಹೇಳಿ, ಅಪ್ಪನನ್ನು ಹೊರಗೆ ಕೂರಿಸಿದ ಮೇಲೆ, ಹತ್ತು ಹನ್ನೆರಡು ದಿನ ಸ್ರಾವ ನಿಲ್ಲುವುದಿಲ್ಲ ಎಂದು ಹೇಳಿದಳು. ಆ ಅಪ್ಪ ಕೆಟ್ಟವರೇನಲ್ಲ, ಮಗಳ ಮೇಲೆ ಜೀವ ಇಟ್ಟುಕೊಂಡವರು. ಆದರೆ ಆ ಮನೆಯಲ್ಲಿ ಅವಳಿಗೊಂದು ಬಾಗಿಲು ಹಾಕಿಕೊಳ್ಳುವ ಕೋಣೆಯಿರಲಿಲ್ಲ. ಆಸ್ಪತ್ರೆಯ ಹಸಿರು ಪರದೆಗೆ ಎಷ್ಟು ಬೆಲೆಯಿದೆ ಎಂಬುದು ಅದಿಲ್ಲದಾಗ ತಿಳಿಯುತ್ತದೆ.

ಇದರ ಇನ್ನೊಂದು ಮಗ್ಗುಲನ್ನೂ ನೋಡಬೇಕು. ಕೆಲವರು ಆಸ್ಪತ್ರೆಗಿಂತ ಮನೆಯಲ್ಲೇ ಬಿಚ್ಚಿ ಮಾತಾಡುತ್ತಾರೆ. ತಮ್ಮ ಮಂಚ, ತಮ್ಮ ಗೋಡೆ, ಪಕ್ಕದಲ್ಲಿ ಹೆಂಡತಿ ಇದ್ದರೆ ಅವರಿಗೆ ಧೈರ್ಯ. ಮಾತ್ರೆ ತಪ್ಪಿಸಿದ್ದನ್ನು ಹೆಂಡತಿಯೇ ಹೇಳಿಬಿಡುತ್ತಾಳೆ. ಎಲ್ಲರಿಗೂ ಒಂದೇ ನಿಯಮ ಮಾಡಲಾಗದು ಎಂಬುದಕ್ಕೆ ಇಷ್ಟು ಸಾಕು.

ಸಿಕಲ್ ಸೆಲ್ ರೋಗಿಗಳ ದೂರು ಇದಕ್ಕಿಂತ ಹಳೆಯದು, ಆಳವಾದದ್ದು: ನಮ್ಮ ನೋವನ್ನು ಯಾರೂ ನಂಬುವುದಿಲ್ಲ. ಬಾಗಿದ ಕಣಗಳು ಸಣ್ಣ ರಕ್ತನಾಳಗಳಲ್ಲಿ ಸಿಕ್ಕಿಕೊಂಡಾಗ ಏಳುವ ನೋವು ರಿಪೋರ್ಟಿನಲ್ಲಿ ಕಾಣುವುದಿಲ್ಲ. ಬ್ರಿಟನ್ನಿನಲ್ಲಿ 2021ರ ನವೆಂಬರಿನಲ್ಲಿ ಸಂಸದರ ಗುಂಪೊಂದು ಸಿಕಲ್ ಸೆಲ್ ರೋಗಿಗಳ ಆರೈಕೆಯ ಬಗ್ಗೆ ವಿಚಾರಣೆ ನಡೆಸಿ ವರದಿ ಕೊಟ್ಟಿತು. ‘ಯಾರೂ ಕಿವಿಗೊಡುತ್ತಿಲ್ಲ’ ಎಂಬ ಅರ್ಥದ ಶೀರ್ಷಿಕೆಯೇ ಅದಕ್ಕಿತ್ತು. ಅದಕ್ಕೆ ಹಿನ್ನೆಲೆಯಾಗಿ 2019ರಲ್ಲಿ ಲಂಡನ್ನಿನಲ್ಲಿ ನಡೆದ ಒಂದು ಸಾವಿತ್ತು. ಸಿಕಲ್ ಸೆಲ್ ಇದ್ದ 21 ವರ್ಷದ ಯುವಕ ಆಸ್ಪತ್ರೆಯ ಹಾಸಿಗೆಯಲ್ಲೇ ಮಲಗಿದ್ದು, ಆಮ್ಲಜನಕಕ್ಕಾಗಿ ತನ್ನ ಫೋನಿನಿಂದ ತುರ್ತು ಸೇವೆಯ 999ಕ್ಕೆ ಕರೆ ಮಾಡಿದ್ದ. ಕೂಗಳತೆಯಲ್ಲಿ ನರ್ಸು ವೈದ್ಯರಿದ್ದರೂ ಕೇಳುವವರಿಲ್ಲದಿದ್ದರೆ ರೋಗಿ ದೂರದಲ್ಲೇ ಇರುತ್ತಾನೆ. ಖುದ್ದು ಭೇಟಿಯನ್ನು ಹೊಗಳುವ ನನ್ನಂಥವರು ಈ ಘಟನೆಯನ್ನು ಮರೆಯಬಾರದು.

ತೆರೆಯ ಮೇಲೆ ಆಗದ್ದು

ಭಾರತದ ಟೆಲಿಮೆಡಿಸಿನ್ ಮಾರ್ಗಸೂಚಿಯ ಪ್ರಕಾರ ಮಾದಕ ವಸ್ತುಗಳನ್ನು ನಿಯಂತ್ರಿಸುವ ಎನ್‌ಡಿಪಿಎಸ್ ಕಾಯ್ದೆಯ ಪಟ್ಟಿಯಲ್ಲಿರುವ ಔಷಧಿಗಳನ್ನು ದೂರದಿಂದ ಬರೆದುಕೊಡುವಂತಿಲ್ಲ. ಮಾರ್ಫಿನ್ ಅದರಲ್ಲಿದೆ. 2018ರಿಂದ ಟ್ರಮಡಾಲ್ ಕೂಡ ಆ ಕಾಯ್ದೆಯ ಅಡಿ ಬಂತು. ದುರುಪಯೋಗ ತಡೆಯಲು ಇದು ಬೇಕಾದ ನಿಯಮವೇ. ಆದರೆ ಸಿಕಲ್ ಸೆಲ್‌ನ ತೀವ್ರ ನೋವಿಗೆ ಬೇಕಾಗುವುದು ಇದೇ ಗುಂಪಿನ ಔಷಧಿ. ಅಂದರೆ ನೋವು ಇಲ್ಲದ ದಿನ ವಿಡಿಯೊದಲ್ಲಿ ವೈದ್ಯರು ಸಿಗುತ್ತಾರೆ, ನೋವು ಎದ್ದ ರಾತ್ರಿ ಅದೇ ವೈದ್ಯರ ಕೈ ಕಟ್ಟಿರುತ್ತದೆ. ಆ ರಾತ್ರಿ ಎಲ್ಲಿಗೆ ಹೋಗಬೇಕೆಂದು ಮೊದಲೇ ಗೊತ್ತುಮಾಡಿ, ಅಲ್ಲಿನ ವೈದ್ಯರಿಗೆ ಪತ್ರ ಕೊಟ್ಟಿರದಿದ್ದರೆ ಹಗಲಿನ ಭೇಟಿಗಳಿಗೆ ಅರ್ಥವಿಲ್ಲ.

ಜ್ವರದ ಮಾತೂ ಇಂಥದೇ. ಕೀಮೋ ಪಡೆಯುತ್ತಿರುವವರಿಗೆ ಬಿಳಿ ಕಣ ಇಳಿದ ದಿನಗಳಲ್ಲಿ 100.4 ಡಿಗ್ರಿ ಫ್ಯಾರನ್‌ಹೀಟ್ ಜ್ವರ ಬಂದರೆ ಅದು ತುರ್ತುಸ್ಥಿತಿ. ಗಂಟೆಯೊಳಗೆ ನರಕ್ಕೆ ಆ್ಯಂಟಿಬಯೊಟಿಕ್ ಹೋಗಬೇಕು. ಆಗ ವಿಡಿಯೊ ಭೇಟಿಗೆ ಸಮಯ ಗೊತ್ತುಮಾಡಿಕೊಂಡು ಕಾಯುವುದು ಪ್ರಾಣಾಪಾಯ. ತೆರೆಗೆ ಒಗ್ಗಿಹೋದ ರೋಗಿಗಳು ಜ್ವರಕ್ಕೂ ಮೊದಲು ಫೋನನ್ನೇ ನೆಚ್ಚುತ್ತಾರೆ. ಆ ಅಭ್ಯಾಸ ಮಾಡಿಸಿದವರು ನಾವೇ ಆದ್ದರಿಂದ ಎಚ್ಚರಿಕೆ ಹೇಳಬೇಕಾದವರೂ ನಾವೇ.

ಮೊದಲ ಬಾರಿಗೆ ಕಾಯಿಲೆಯ ಹೆಸರು ಹೇಳುವುದನ್ನೂ ನಾನು ಈ ಪಟ್ಟಿಗೆ ಸೇರಿಸುತ್ತೇನೆ. ರಕ್ತದ ಕ್ಯಾನ್ಸರ್ ಎಂಬ ಮಾತು ಕೇಳಿದ ಮೇಲೆ ಯಾರಿಗೂ ಮುಂದಿನ ಹತ್ತು ನಿಮಿಷ ಏನೂ ಕೇಳಿಸುವುದಿಲ್ಲ. ಎದುರಿಗಿದ್ದರೆ ಸುಮ್ಮನೆ ಕೂತಿರಬಹುದು, ಒಂದು ಲೋಟ ನೀರು ಕೊಡಬಹುದು. ತೆರೆಯ ಮೇಲಿನ ಮೌನವನ್ನು ಜನ ನೆಟ್‌ವರ್ಕ್ ಹೋಯಿತೆಂದು ತಿಳಿದು “ಹಲೋ, ಹಲೋ” ಎನ್ನುತ್ತಾರೆ.

ಕಲಿಸಿದ ಕೈ

ಹಾಗಾದರೆ ಮನೆಗೆ ಬಂದ ಕೆಲಸವನ್ನು ಮನೆಯವರು ಮಾಡಲಾರರೇ? ಮಾಡಬಲ್ಲರು ಎಂಬುದಕ್ಕೆ ಜಮೈಕಾ ಸಾಕ್ಷಿ. ಸಿಕಲ್ ಸೆಲ್ ಇರುವ ಎಳೆಮಕ್ಕಳಲ್ಲಿ ಕೆಲವೊಮ್ಮೆ ಗುಲ್ಮ ಏಕಾಏಕಿ ಊದಿ, ಮೈಯ ರಕ್ತವನ್ನೆಲ್ಲ ತನ್ನೊಳಗೆ ಹಿಡಿದುಕೊಂಡು, ಕೆಲವೇ ಗಂಟೆಗಳಲ್ಲಿ ಮಗು ಸಾಯಬಹುದು. ಕಿಂಗ್‌ಸ್ಟನ್ನಿನಲ್ಲಿ ವೈದ್ಯ ಗ್ರಹಾಂ ಸಾರ್ಜೆಂಟ್ ಮತ್ತು ಅವರ ಬಳಗ ತಾಯಂದಿರಿಗೆ ಮಗುವಿನ ಹೊಟ್ಟೆಯನ್ನು ತಾವೇ ಮುಟ್ಟಿ ಗುಲ್ಮ ಗುರುತಿಸುವುದನ್ನು ಕಲಿಸಿದರು. ಊದಿದೆ ಅನಿಸಿದ ಕೂಡಲೇ ತಾಯಂದಿರು ಆಸ್ಪತ್ರೆಗೆ ಓಡಿ ಬರತೊಡಗಿದರು. ಈ ಕಾರಣದ ಸಾವುಗಳು ಗಣನೀಯವಾಗಿ ಇಳಿದವು, 1985ರಲ್ಲಿ ಆ ಫಲಿತಾಂಶ ಪ್ರಕಟವಾಯಿತು. ಶಾಲೆಯ ಮುಖ ಹೆಚ್ಚು ನೋಡದ ತಾಯಿಯ ಬೆರಳೂ ಕಲಿಸಿದರೆ ವೈದ್ಯರ ಬೆರಳಾಗುತ್ತದೆ. ಆದರೆ ಅಲ್ಲಿ ಎದುರಿಗೆ ಕೂತು ಕಲಿಸಿದ್ದರು, ಮತ್ತು ಓಡಿ ಬಂದಾಗ ಬಾಗಿಲು ತೆರೆದಿತ್ತು.

ನಮಗಿದು ದೂರದ ಕಥೆಯೇನಲ್ಲ. ಭಾರತದಲ್ಲಿ ಸಿಕಲ್ ಸೆಲ್ ಮೊದಲು ಗುರುತಾದದ್ದೇ ನಮ್ಮ ನೆರೆಯ ನೀಲಗಿರಿಯ ಜನರಲ್ಲಿ. ಸಂಶೋಧಕರಾದ ಲೆಹ್ಮನ್ ಮತ್ತು ಕಟ್‌ಬುಶ್ ಅದನ್ನು 1952ರಲ್ಲಿ ಪ್ರಕಟಿಸಿದರು. ಬೆಟ್ಟದ ಈ ಬದಿಯ ಚಾಮರಾಜನಗರ, ಮೈಸೂರು ಜಿಲ್ಲೆಗಳ ಸೋಲಿಗ, ಜೇನುಕುರುಬ ಮೊದಲಾದ ಸಮುದಾಯಗಳಲ್ಲೂ ಅದಿದೆ. 2023ರ ಜುಲೈ 1ರಂದು ಶುರುವಾದ ರಾಷ್ಟ್ರೀಯ ಸಿಕಲ್ ಸೆಲ್ ಅಭಿಯಾನ 40 ವರ್ಷದವರೆಗಿನ 7 ಕೋಟಿ ಜನರ ತಪಾಸಣೆಯ ಗುರಿ ಇಟ್ಟುಕೊಂಡಿದೆ, 2047ರೊಳಗೆ ರೋಗ ನಿರ್ಮೂಲನೆ ಅದರ ಆಶಯ. ತಪಾಸಣೆಯಲ್ಲಿ ಸಿಕ್ಕವರನ್ನು ಬದುಕಿಡೀ ನೋಡಿಕೊಳ್ಳುವ ರಕ್ತತಜ್ಞರು ಹಾಡಿಗಳ ಹತ್ತಿರ ಇಲ್ಲ. ಅವರಿಗೆ ವಿಡಿಯೊ ಬೇಕೇ ಬೇಕು. ಆದರೆ ನೆಟ್‌ವರ್ಕ್ ಸಿಗದ ಹಾಡಿಯ ಜನರ ಕೈಗೆ ಆ್ಯಪ್ ಕೊಟ್ಟು ಕಳಿಸುವ ವಿಡಿಯೊ ಪ್ರಯೋಜನಕ್ಕೆ ಬಾರದು. ಉಪಕೇಂದ್ರದಲ್ಲಿ ಸಮುದಾಯ ಆರೋಗ್ಯ ಅಧಿಕಾರಿ ಪಕ್ಕದಲ್ಲಿ ಕೂತು, ಹೊಟ್ಟೆ ಮುಟ್ಟಿ, ಜ್ವರ ನೋಡಿ, ಸಿಕಲ್ ಸೆಲ್‌ಗೆ ಕೊಡುವ ಹೈಡ್ರಾಕ್ಸಿಯೂರಿಯಾ ಮಾತ್ರೆ ಎಷ್ಟು ಉಳಿದಿದೆ ಎಂದು ಎಣಿಸಿ, ಆಮೇಲೆ ದೂರದ ವೈದ್ಯರನ್ನು ಕರೆಯುವ ಭೇಟಿ ಬೇಕು. 2002ರ ಸರಗೂರಿನ ಏರ್ಪಾಟಿನಲ್ಲಿದ್ದ ಹತ್ತಿರದ ಕೈಯನ್ನು ಮರಳಿ ತರಬೇಕು.

ನನ್ನ ಸಲಹೆಗಳನ್ನು ಚಿಕ್ಕದಾಗಿ ಹೇಳಿ ಮುಗಿಸುತ್ತೇನೆ. ಮೊದಲ ಭೇಟಿ, ಕಾಯಿಲೆಯ ಹೆಸರು ಹೇಳುವ ಭೇಟಿ, ಚಿಕಿತ್ಸೆ ಬದಲಿಸುವ ಭೇಟಿ ಖುದ್ದಾಗಿಯೇ ಆಗಲಿ. ಕಾಯಿಲೆ ಹದಕ್ಕೆ ಬಂದ ಮೇಲಿನ ಭೇಟಿಗಳಲ್ಲಿ ವಿಡಿಯೊ ಬೇಕೋ ಬೇಡವೋ ಎಂಬ ಆಯ್ಕೆ ರೋಗಿಯದಾಗಿರಲಿ, ಆಸ್ಪತ್ರೆಯ ಜನಸಂದಣಿ ಕಡಿಮೆ ಮಾಡುವ ಉಪಾಯವಾಗಿ ಅದನ್ನು ಯಾರ ಮೇಲೂ ಹೇರುವುದು ಬೇಡ. ರಕ್ತಪರೀಕ್ಷೆ ತಾಲ್ಲೂಕು ಆಸ್ಪತ್ರೆಯಲ್ಲಿ ಉಚಿತವಾಗಿ ನಡೆದು, ರಿಪೋರ್ಟ್ ಲ್ಯಾಬಿನಿಂದ ನೇರವಾಗಿ ವೈದ್ಯರಿಗೆ ತಲುಪಲಿ. ಪ್ರತಿ ಭೇಟಿಯಲ್ಲೂ ಸ್ವಲ್ಪ ಹೊತ್ತಾದರೂ ಫೋನು ರೋಗಿಯ ಕೈಯಲ್ಲೇ ಇರಲಿ, ಪಕ್ಕದಲ್ಲಿರುವವರನ್ನು ಹೊರಗೆ ಹೋಗಿ ಎಂದು ಹೇಳುವ ನಿಷ್ಠುರವನ್ನು ವೈದ್ಯರೇ ಹೊತ್ತುಕೊಳ್ಳಲಿ. ಜ್ವರವೋ ನೋವೋ ಬಂದ ರಾತ್ರಿ ಯಾವ ಆಸ್ಪತ್ರೆಗೆ ಹೋಗಬೇಕು ಎಂಬುದು ಪ್ರತಿ ಚೀಟಿಯ ಕೆಳಗೆ ಕನ್ನಡದಲ್ಲಿ ಬರೆದಿರಲಿ.

ಇಲ್ಲಿರುವ ವೈದ್ಯ ವಿದ್ಯಾರ್ಥಿಗಳಲ್ಲಿ ಒಂದೇ ಕೋರಿಕೆ. ನಾಳೆ ನೀವು ವಿಡಿಯೊ ಭೇಟಿ ಮುಗಿಸುವಾಗ ಇನ್ನೂ ಎರಡು ಪ್ರಶ್ನೆ ಕೇಳಿ: ಇವತ್ತಿನ ಈ ಭೇಟಿಗೆ ನಿಮಗೆ ಸಹಾಯ ಮಾಡಿದವರು ಯಾರು, ನಿಮಗೆ ಆದ ಖರ್ಚೆಷ್ಟು? ಉತ್ತರವನ್ನು ಹಿಮೋಗ್ಲೋಬಿನ್ ಬರೆಯುವ ಹಾಳೆಯಲ್ಲೇ ಬರೆದಿಡಿ. ಒಂದು ವರ್ಷ ಹೀಗೆ ಬರೆದರೆ ದೂರ ವೈದ್ಯಕೀಯದ ಭಾರವನ್ನು ಯಾರು ಹೊತ್ತಿದ್ದಾರೆ ಎಂಬ ಲೆಕ್ಕ ನಿಮ್ಮ ಆಸ್ಪತ್ರೆಯಲ್ಲೇ ಸಿಗುತ್ತದೆ, ಆ ಲೆಕ್ಕವನ್ನು ಹಿಡಿದು ಸರ್ಕಾರವನ್ನೂ ಆಡಳಿತವನ್ನೂ ಕೇಳುವ ಹಕ್ಕು ನಿಮಗೆ ಬರುತ್ತದೆ.